ಡ್ರೈವಿಂಗ್ ಮೇಷ್ಟ್ರ ಕಾಲ್ನಡಿಗೆ

ಜನವರಿ ೪, ಭಾನುವಾರ

ದಿನಚರಿ ಬರೆಯುವವರೆಲ್ಲ ಕೆಲಸವಿಲ್ಲದವರು ಎಂದು ಇಷ್ಟು ದಿನ ಹೇಳಿಕೊಂಡು ಬಂದವನು ನಾನು. ಇವತ್ತು ನಾನೇ ಪೆನ್ನು ಹಿಡಿದು ಕೂತಿದ್ದೇನೆ. ಏನು ಮಾಡಲಿ, ಯಾರ ಮೇಲಾದರೂ ಕೂಗಾಡಬೇಕು, ಮನೆಯಲ್ಲಿ ನನ್ನ ಕೂಗಾಟಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಟೈರು ಅಂಗಡಿಯವನು ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಇನ್ನು ಇದರ ಮೇಲೇ ಕೂಗಾಡುತ್ತೇನೆ.

ಮೊನ್ನೆ ಮಗಳಿಗೆ ಹದಿನೆಂಟು ತುಂಬಿತು. ನಾನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು, ಇಪ್ಪತ್ತೆರಡು ವರ್ಷದ ಸರ್ವಿಸು. ಊರಿನ ಅರ್ಧ ಜನ ನನ್ನ ಪಕ್ಕ ಕೂತು ಬೈಸಿಕೊಂಡೇ ಕ್ಲಚ್ಚು ಬಿಡುವುದನ್ನು ಕಲಿತವರು. ಡಾಕ್ಟರು, ಲಾಯರು, ಪೊಲೀಸು, ಯಾರನ್ನೂ ಬಿಟ್ಟಿಲ್ಲ. ಹದಿನೆಂಟಾದ ಕೂಡಲೇ ಮಗಳಿಗೂ ಕಲಿಸುವುದು ಎಂದು ಅವಳು ತೊಟ್ಟಿಲಲ್ಲಿದ್ದಾಗಲೇ ತೀರ್ಮಾನಿಸಿದ್ದೆ. ಮಧ್ಯಾಹ್ನ ಊಟಕ್ಕೆ ಕೂತಾಗ, "ನಾಳೆಯಿಂದ ಶುರು ಮಾಡೋಣ್ವ?" ಎಂದೆ. ಅವಳು ಒಂದು ಕಿವಿಯ ಇಯರ್‌ಫೋನ್ ತೆಗೆದಳು.

"ಬೇಡಪ್ಪ. ನಾನು ಕಾರು ಕಲಿಯಲ್ಲ."

"ಯಾಕೆ, ಭಯಾನಾ?"

"ಭಯ ಏನಿಲ್ಲ. ಭೂಮಿ ಬಿಸಿಯಾಗ್ತಿದೆ ಅಂತ ನಾಲ್ಕನೇ ಕ್ಲಾಸಿಂದ ಓದ್ತಾನೇ ಇದೀನಿ. ಇರೋ ಕಾರುಗಳ ಹೊಗೆಯೇ ಸಾಕಾಗಿದೆ, ಅದರ ಮೇಲೆ ನಂದೊಂದು ಬೇರೆ ಯಾಕೆ?"

"ಅಬ್ಬಬ್ಬಾ! ನೀನೊಬ್ಬಳು ಬಿಟ್ಟರೆ ಭೂಮಿ ತಣ್ಣಗಾಗಿಬಿಡುತ್ತಾ?"

"ಟ್ರಾಫಿಕ್ ಜಾಮ್ ಆಗೋದು ಒಬ್ಬೊಬ್ಬರಿಂದಲೇ ಅಲ್ವಾ?"

ಇವಳು, ಅಂದರೆ ನನ್ನ ಹೆಂಡತಿ, ತಟ್ಟೆಗೆ ಮುಖ ಹಾಕಿಕೊಂಡು ನಕ್ಕಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಗಂಡನ ಹೊಟ್ಟೆಯುರಿಗೆ ಮದ್ದು ಕೊಡುವುದು ಬಿಟ್ಟು ನಗುತ್ತಾಳೆ. ನನಗೆ ರೇಗಿತು. ಹೇಳುವುದು ಸುಲಭ, ಮಾಡಿ ನೋಡಿದರೆ ಗೊತ್ತಾಗುತ್ತದೆ ಎಂದೆ. ಸರಿ, ಮಾಡು ಎಂದಳು ಮಗಳು. ನಲವತ್ತು ದಿನ ನಾನು ಮನೆಯ ಕಾರು ಮುಟ್ಟಬಾರದು. ಪಾಠಕ್ಕೆ ಸ್ಕೂಲಿನ ಗಾಡಿ ಓಡಿಸಬಹುದು, ಅದು ಹೊಟ್ಟೆಪಾಡು. ಉಳಿದದ್ದಕ್ಕೆಲ್ಲ ಕಾಲು. ನಾನು ಗೆದ್ದರೆ ನನ್ನ ಹತ್ತಿರವೇ ಕಾರು ಕಲಿಯುತ್ತಾಳೆ. ಸೋತರೆ ಆ ಮಾತನ್ನು ಮತ್ತೆ ಎತ್ತುವ ಹಾಗಿಲ್ಲ. ನಾನು ಕೈಮೇಲೆ ಕೈ ಹೊಡೆದು ಒಪ್ಪಿದೆ.

ಇದನ್ನು ಇವಳಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತೇನೆ. ನನಗೆ ಬೇಕಾಗಿರುವುದು ಮಗಳ ಲೈಸೆನ್ಸಲ್ಲ. ಎರಡು ವರ್ಷದಿಂದ ಅವಳು ನನ್ನ ಹತ್ತಿರ ಆಡಿದ ಮಾತು ಒಂದು ಪೋಸ್ಟ್‌ಕಾರ್ಡ್ ತುಂಬಲಾರದು. ಮನೆಗೆ ಬಂದರೆ ಕೋಣೆ ಬಾಗಿಲು ಟಪ್ ಅನ್ನುತ್ತದೆ. ಕಾರಿನಲ್ಲಿ ಹಾಗೆ ಎದ್ದು ಹೋಗಲು ಬರುವುದಿಲ್ಲವಲ್ಲ. ಬೆಲ್ಟು ಹಾಕಿ ಕೂತರೆ ಪಕ್ಕದಲ್ಲಿ ಅಪ್ಪನೇ ಗತಿ.

ಜನವರಿ ೫, ಸೋಮವಾರ

ಮನೆಯಿಂದ ಸ್ಕೂಲಿಗೆ ಎರಡೂವರೆ ಕಿಲೋಮೀಟರು. ಕಾರಿನಲ್ಲಿ ಹೋಗುವಾಗ ಒಂದು ಆಕಳಿಕೆ ಮುಗಿಯುವಷ್ಟರಲ್ಲಿ ಸಿಗುತ್ತಿದ್ದ ಸ್ಕೂಲು ಇವತ್ತು ಯಾರೋ ಹಿಂದಕ್ಕೆ ಎಳೆದ ಹಾಗೆ ದೂರ ದೂರ ಹೋಯಿತು. ಮಗಳ ಕಾಲೇಜು ನಮ್ಮ ಸ್ಕೂಲು ದಾಟಿ ಎರಡು ಬೀದಿ ಆಚೆಗಿದೆ, ಅವಳೂ ಏಳಕ್ಕೇ ಹೊರಟಳು. ಹೊರಟಳು ಅಂದರೆ ನನ್ನಿಂದ ಇಪ್ಪತ್ತು ಹೆಜ್ಜೆ ಮುಂದೆ, ಎರಡೂ ಕಿವಿ ಮುಚ್ಚಿಕೊಂಡು. ನಾನು ಯಾರೋ, ಅವಳು ಯಾರೋ.

ದಾರಿಯಲ್ಲಿ ಸಿಕ್ಕ ಹನ್ನೊಂದು ಜನ, "ಏನ್ ಮೇಷ್ಟ್ರೇ, ಗಾಡಿ ಕೆಟ್ಟಿದೆಯಾ?" ಎಂದು ಕೇಳಿದರು. ಮೊದಲು ಸಿಕ್ಕವರಿಗೆ ಹೌದು ಎಂದೆ. ಐದನೆಯವನಿಗೆ, ಸಾಲ ಕೊಟ್ಟಿದ್ದೇನೆ ಎಂದೆ. ಕೊನೆಯವನಿಗೆ, "ಗಾಡಿ ಸರಿಯಾಗಿದೆ, ಮಗಳು ನನ್ನ ತಲೆ ಕೆಡಿಸಿದಾಳೆ" ಎಂದೆ. ಅವನು ಬಹಳ ಹೊತ್ತು ನಿಂತು ನೋಡುತ್ತಿದ್ದ.

ಜನವರಿ ೬, ಮಂಗಳವಾರ

ಕಾಲು ನೋವು. ಬರೆಯಲು ಮತ್ತೇನೂ ಇಲ್ಲ.

ಜನವರಿ ೯, ಶುಕ್ರವಾರ

ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿದೆ. ಇವಳು ಮುಲಾಮು ಹಚ್ಚುತ್ತಾ, "ಸೋತೆ ಅಂತ ಒಪ್ಕೊಂಡುಬಿಡಿ" ಎಂದಳು. ಸತ್ತರೂ ಇಲ್ಲ.

ಇವತ್ತು ಒಂದು ಎಡವಟ್ಟಾಯಿತು. ಔಷಧಿ ಅಂಗಡಿಯ ಮೂಲೆಯಲ್ಲಿ ಎಡಕ್ಕೆ ತಿರುಗುವಾಗ ನನ್ನ ಕೈ ತಾನಾಗಿ ಮೇಲೆದ್ದು ಸಿಗ್ನಲ್ ಕೊಟ್ಟಿತು. ಕೊಟ್ಟದ್ದಲ್ಲದೆ ನಿಂತು ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಬಲ ಭುಜದ ಮೇಲೆ ಕನ್ನಡಿಯೂ ಹುಡುಕಿದೆ. ಹಿಂದೆ ಬರುತ್ತಿದ್ದ ಪೇಪರ್ ಹಂಚುವವನು ನಿಜವಾಗಿಯೂ ಸೈಕಲ್ ನಿಲ್ಲಿಸಿ ನನಗೆ ದಾರಿ ಬಿಟ್ಟ! ಮಗಳು ತಿರುಗಿ ನೋಡಿ ಒಂದು ಕಿವಿ ಬಿಚ್ಚಿದಳು.

"ಅಪ್ಪ, ದಯವಿಟ್ಟು ಮಾನ ಕಳೀಬೇಡ."

ಐದು ದಿನದಲ್ಲಿ ಗಿಟ್ಟಿದ ಮೊದಲ ಮಾತು. ನಾಳೆಯೂ ಸಿಗ್ನಲ್ ಕೊಟ್ಟು ನೋಡುತ್ತೇನೆ.

ಜನವರಿ ೧೩, ಮಂಗಳವಾರ

ಸಿಗ್ನಲ್ ಕೆಲಸ ಮಾಡುತ್ತಿದೆ. ಬಲಕ್ಕೆ ತಿರುಗಿದರೆ, "ಅಯ್ಯೋ ಅಪ್ಪ." ಎಡಕ್ಕೆ ತಿರುಗಿದರೆ, "ಸಾಕು ಮಾಡು." ಇವತ್ತು ನಾನು ಹಿಮ್ಮುಖವಾಗಿ ನಾಲ್ಕು ಹೆಜ್ಜೆ ನಡೆದು ಬಾಯಲ್ಲಿ ಪೀಂ ಪೀಂ ಅಂದೆ. ನಕ್ಕಳು, ಆಮೇಲೆ ನಗಲಿಲ್ಲ ಎಂದು ವಾದಿಸಿದಳು. ಇಪ್ಪತ್ತು ಹೆಜ್ಜೆಯ ದೂರ ಈಗ ನಾಲ್ಕೈದು ಹೆಜ್ಜೆಯಾಗಿದೆ. ನನ್ನ ನಡಿಗೆ ಚುರುಕಾಗಿರಬೇಕು.

ಜನವರಿ ೧೮, ಭಾನುವಾರ

ಎಲ್ಲವನ್ನೂ ಒಪ್ಪಿಕೊಂಡು ಬರೆಯುತ್ತೇನೆ. ಕ್ಷೌರಕ್ಕೆ ಹೋಗಬೇಕಿತ್ತು. ಅಂಗಡಿ ಮೂರೇ ಬೀದಿ ಆಚೆ. ಆದರೆ ಚಳಿ ಹೇಗಿತ್ತೆಂದರೆ ಮೂಗು ಇದೆಯೋ ಉದುರಿತೋ ಎಂದು ಮುಟ್ಟಿ ನೋಡಿಕೊಳ್ಳಬೇಕು. ಬೆಳಗ್ಗೆ ಆರೂವರೆಗೆ ಇಬ್ಬರೂ ಮಲಗಿದ್ದರು. ಕಳ್ಳನ ಹಾಗೆ ಗೇಟು ತೆಗೆದು, ಕಾರನ್ನು ಬೀದಿಯ ತಿರುವಿನವರೆಗೂ ತಳ್ಳಿಕೊಂಡು ಹೋಗಿ ಸ್ಟಾರ್ಟ್ ಮಾಡಿದೆ. ವಾಪಸ್ ಬಂದು ನಿಲ್ಲಿಸಿದಾಗ ಚಕ್ರದ ಗುರುತಿನ ಮೇಲೇ ಚಕ್ರ. ಅಷ್ಟೇ ಅಲ್ಲ, ಹೊರಡುವ ಮೊದಲು ಕಾರಿನ ಮೇಲಿದ್ದ ಒಣಗಿದ ಎಲೆಗಳನ್ನು ಚೀಲಕ್ಕೆ ತುಂಬಿಟ್ಟಿದ್ದೆ, ಅವನ್ನೆಲ್ಲ ಮತ್ತೆ ಒಂದೊಂದಾಗಿ ಜೋಡಿಸಿದೆ. ನನ್ನ ಬುದ್ಧಿಗೆ ನಾನೇ ಶಹಭಾಸ್ ಅಂದುಕೊಂಡು ಟೀ ಕುಡಿಯುತ್ತಾ ಕೂತೆ.

ಮಗಳು ಹಲ್ಲುಜ್ಜುತ್ತಾ ಹೊರಗೆ ಹೋದವಳು ಅಲ್ಲಿಂದಲೇ ಕೂಗಿದಳು.

"ಅಮ್ಮಾ, ಬಾ ಇಲ್ಲಿ. ಸಾಕ್ಷಿ ಸಿಕ್ಕಿದೆ."

ಪಕ್ಕದ ಮನೆಯ ನರ್ಸಮ್ಮನ ಬೆಕ್ಕು ಬಾನೆಟ್ ಮೇಲೆ ನಾಲ್ಕೂ ಕಾಲು ಚಾಚಿ ಗೊರಕೆ ಹೊಡೆಯುತ್ತಿತ್ತು. ನಾನು ಜೋಡಿಸಿದ ಎಲೆಗಳನ್ನೆಲ್ಲ ಕೆಳಗೆ ಬೀಳಿಸಿತ್ತು, ದ್ರೋಹಿ.

"ಹದಿಮೂರು ದಿನದಿಂದ ಈ ಬೆಕ್ಕು ಕಾರಿನ ಕಡೆ ಮೂಸಿ ಕೂಡ ನೋಡಿಲ್ಲ," ಎಂದಳು ಮಗಳು ಬಾನೆಟ್ ಮುಟ್ಟಿ. "ಇವತ್ತು ಬಿಸಿ ಹಾಸಿಗೆ ಹಾಕಿ ಕೊಟ್ಟೋರು ಯಾರು?"

"ಬಿಸಿಲಿಗೆ ಕಾದಿರಬೇಕು."

"ಯಾವ ಬಿಸಿಲು? ಇನ್ನೂ ಮಂಜೇ ಕರಗಿಲ್ಲ."

"ಇವರು ಕಣ್ಣು ಮುಚ್ಕೊಂಡು ಹಾಲು ಕುಡಿದ್ರು, ಬೆಕ್ಕು ಕಣ್ಣು ಬಿಟ್ಕೊಂಡು ನೋಡ್ತು," ಎಂದಳು ಇವಳು. ತಾಯಿ ಮಗಳು ಹೊಸ್ತಿಲ ಮೇಲೆ ಕೂತು ನಕ್ಕರು. ಪಂದ್ಯ ಮುಗಿಯಿತು, ಮಗಳು ಕೈಬಿಟ್ಟು ಹೋದಳು ಅಂದುಕೊಂಡೆ. ಅವಳು ಹಲ್ಲುಜ್ಜುವ ಬ್ರಷ್ಷನ್ನು ನನ್ನ ಕಡೆ ತೋರಿಸಿ, "ಐದು ದಿನ ದಂಡ. ನಲವತ್ತೈದು," ಎಂದಳು. ಕ್ಷಮಿಸಿದ್ದು ಯಾಕೋ ಗೊತ್ತಾಗಲಿಲ್ಲ. ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು.

ಜನವರಿ ೨೨, ಗುರುವಾರ

ಈಗ ಪಕ್ಕಪಕ್ಕದಲ್ಲೇ ನಡೆಯುತ್ತಾಳೆ. ಮತ್ತೆ ಕಾರು ಮುಟ್ಟುತ್ತೇನೇನೋ ಎಂದು ಕಾವಲು ಕಾಯುವುದಕ್ಕಂತೆ.

ಶಾಲೆಯೊಂದರ ಗೇಟಿನ ಮುಂದೆ ಒಂದು ಕಾರು ಇಂಜಿನ್ ಆನ್ ಇಟ್ಟುಕೊಂಡು ಗುರುಗುಟ್ಟುತ್ತಾ ನಿಂತಿತ್ತು. ಒಳಗೆ ನೋಡಿದರೆ ನನ್ನದೇ ಹಳೆಯ ಶಿಷ್ಯ, ಬಟ್ಟೆ ಅಂಗಡಿಯವನು. ಹೆಂಡತಿ ಮಗುವನ್ನು ಒಳಗೆ ಬಿಡಲು ಹೋಗಿದ್ದಾಳೆ, ಇವನು ಫೋನು ನೋಡುತ್ತಾ ಕೂತಿದ್ದಾನೆ.

"ಎಷ್ಟು ಹೊತ್ತಾಯ್ತೋ ನಿಂತು?"

"ಕಾಲು ಗಂಟೆ ಆಗಿರ್ಬೇಕು ಸಾರ್."

"ಕಾಲು ಗಂಟೆ ಸುಮ್ನೆ ಉರೀತಿದೆಯಾ? ಮನೇಲಿ ಖಾಲಿ ಒಲೆ ಹೀಗೇ ಉರಿಸ್ತೀಯಾ?"

ಕಿಟಕಿಯಲ್ಲಿ ಕೈ ಹಾಕಿ ಕೀ ತಿರುಗಿಸಿದೆ. ಇಂಜಿನ್ ಬಾಯಿ ಮುಚ್ಚಿತು, ಅವನ ಬಾಯಿ ತೆರೆಯಿತು. ಮಗಳು ನಕ್ಕೂ ನಕ್ಕೂ ಫುಟ್‌ಪಾತ್ ಮೇಲೆ ಕೂತುಬಿಟ್ಟಳು. "ಅಪ್ಪ, ನೀನು ನಮ್ಮ ಕಡೆ ಬಂದುಬಿಟ್ಟೆ," ಎಂದಳು. ನಾನು ಯಾರ ಕಡೆಗೂ ಹೋಗಿಲ್ಲ. ಕಲಿಸಿದ ಪಾಠ ಮರೆತವನಿಗೆ ಬೈದೆ, ಅಷ್ಟೇ. ಇದಕ್ಕೂ ಭೂಮಿ ಬಿಸಿಯಾಗುವುದಕ್ಕೂ ಯಾವ ಸಂಬಂಧವೂ ಇಲ್ಲ.

ಜನವರಿ ೩೦, ಶುಕ್ರವಾರ

ಓನರ್ ಜತೆ ಜಗಳ. ತಪ್ಪು ನನ್ನದಲ್ಲ ಎಂದು ಮೊದಲೇ ಬರೆದಿಡುತ್ತೇನೆ.

ಹಲ್ಲಿನ ಡಾಕ್ಟರಮ್ಮ ಒಬ್ಬರು ಹೊಸದಾಗಿ ಸೇರಿದ್ದರು. ಯಾತಕ್ಕೆ ಕಲಿಯುತ್ತಿದ್ದೀರಿ ಎಂದು ಕೇಳಿದೆ, ಎಲ್ಲರನ್ನೂ ಕೇಳುವ ಪ್ರಶ್ನೆ ಅದು. ಮನೆಯಿಂದ ಕ್ಲಿನಿಕ್‌ಗೆ ಹೋಗಿಬರಲು ಎಂದರು. ಎಷ್ಟು ದೂರ ಎಂದೆ. ನಾನೂರು ಮೀಟರ್ ಎಂದರು. ನಾನು ಸುಮ್ಮನಿರಬೇಕಿತ್ತು, ಬಾಯಿ ಸುಮ್ಮನಿರಲಿಲ್ಲ.

"ಮೇಡಂ, ಗಾಡಿ ಹೊರಗೆ ತೆಗೆದು, ಅಲ್ಲಿ ಹೋಗಿ ನಿಲ್ಲಿಸೋಕೆ ಜಾಗ ಹುಡುಕೋ ಹೊತ್ತಿಗೆ ನೀವು ಎರಡು ಹಲ್ಲು ಕಿತ್ತು ಕೈ ತೊಳ್ಕೊಂಡಿರ್ತೀರಿ. ಆರಾಮಾಗಿ ನಡ್ಕೊಂಡು ಹೋಗಿ."

ಡಾಕ್ಟರಮ್ಮ ಹೌದಲ್ಲ ಎಂದು ಬೆಲ್ಟು ಬಿಚ್ಚಿ ಇಳಿದು ಹೋದರು. ನಡೆದೇ ಹೋದರು. ಓನರ್ ಕುರ್ಚಿಯಿಂದ ಎದ್ದು ಬಂದ.

"ಕೂತಿರೋ ಕೊಂಬೇನೇ ಕಡೀತಿದೀರಲ್ಲ ಮೇಷ್ಟ್ರೇ! ಈ ತಿಂಗಳು ಇದು ಮೂರನೇ ಗಿರಾಕಿ. ಇದೇನು ಡ್ರೈವಿಂಗ್ ಸ್ಕೂಲೋ, ವಾಕಿಂಗ್ ಸ್ಕೂಲೋ?"

"ನಾನೂರು ಮೀಟರಿಗೆ ಕಾರಾ, ನೀವೇ ಹೇಳಿ?"

"ನಾಲ್ಕು ಮೀಟರಿಗಾದ್ರೂ ಕಲ್ಸಿ! ಇನ್ನೊಂದು ಸಲ ಹಿಂಗಾದ್ರೆ ನಿಮ್ಮ ಜಾಗಕ್ಕೆ ಬೇರೆಯವರನ್ನ ನೋಡ್ಕೋತೀನಿ."

ಸಂಜೆ ಮಗಳಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಕೆಲಸ ಹೋಗುವ ಮಾತಿಗೆ ನಗುವ ಮಗಳು! ಆಮೇಲೆ ತನ್ನ ಕೋಣೆಗೆ ಹೋಗಲಿಲ್ಲ, ಊಟದವರೆಗೂ ಅಡುಗೆಮನೆಯಲ್ಲೇ ಕೂತು ಅದನ್ನೇ ತಾಯಿಗೆ ಎರಡು ಸಲ ನಟಿಸಿ ತೋರಿಸಿದಳು.

ಫೆಬ್ರವರಿ ೫, ಗುರುವಾರ

ಮುಖ್ಯರಸ್ತೆಯಲ್ಲಿ ಬಸ್ಸಿನ ಹೊಗೆ ಜಾಸ್ತಿ ಎಂದು ಪಾರ್ಕಿನ ದಾರಿ ಹಿಡಿದಿದ್ದೇವೆ. ಹತ್ತು ನಿಮಿಷ ಸುತ್ತು. ಸುತ್ತು ದಾರಿ ನನ್ನ ಸಲಹೆಯೋ ಅವಳದೋ ನೆನಪಿಲ್ಲ.

ಮಗಳು ಈಚೆಗೆ ಪುಸ್ತಕದ ಬ್ಯಾಗು ಹೊತ್ತು ತರುವುದಿಲ್ಲ. ಯಾಕೆ ಎಂದರೆ ಭಾರ ಎಂದಳು. ಒಳ್ಳೆಯದು, ಡಿಕ್ಕಿಯಲ್ಲಿ ಬೇಡದ ಭಾರ ಇಟ್ಟುಕೊಂಡರೆ ಮೈಲೇಜ್ ಬೀಳುತ್ತದೆ ಎಂದು ನಾನೇ ಹೇಳಿಕೊಟ್ಟಿದ್ದೆ. ಕಿವಿಗೆ ಹಾಕುವ ಆ ವೈರುಗಳೂ ಕಾಣಿಸುತ್ತಿಲ್ಲ, ಎಲ್ಲೋ ಕಳೆದುಕೊಂಡಿರಬೇಕು.

ಇನ್ನು ಹದಿಮೂರು ದಿನ. ಪಾಠ ಶುರುವಾದರೆ ಮಗಳ ಜತೆ ಕೂತು ಸರಿಯಾಗಿ ಮಾತಾಡಬಹುದು.

ಫೆಬ್ರವರಿ ೧೨, ಗುರುವಾರ

ಮೊದಲ ದಿನ ಏನು ಕಲಿಸಬೇಕು, ಎರಡನೇ ದಿನ ಏನು ಎಂದು ನಡೆಯುತ್ತಾ ಯೋಚಿಸಿಕೊಳ್ಳೋಣ ಎಂದರೆ ಮಗಳು ಬಿಡಬೇಕಲ್ಲ. ಇವತ್ತು ಮಾತಾಡಿದ್ದೇ ಮಾತಾಡಿದ್ದು. ರಸಾಯನಶಾಸ್ತ್ರದ ಮೇಡಂ ಮೂಗಿನಲ್ಲೇ ಪಾಠ ಮಾಡುವುದು, ಗೆಳತಿ ಜತೆ ಮುನಿಸಾಗಿದ್ದು, ಆ ಗೆಳತಿಯ ಮುಂದೆ ಅಳಬಾರದೆಂದು ಬಾತ್‌ರೂಮಿಗೆ ಹೋಗಿ ಅತ್ತಿದ್ದು. ಹೋದ ವರ್ಷದ ಮಾತಂತೆ. ನನಗೆ ಯಾಕೆ ಹೇಳಲಿಲ್ಲ ಎಂದೆ. "ನೀನು ಯಾವಾಗ ಸಿಗ್ತಿದ್ದೆ?" ಎಂದಳು. ಸ್ವಂತ ಮನೆಯಲ್ಲಿ ದಿನಾ ಇರುವವನು, ಸಿಗುವುದಿಲ್ಲವಂತೆ.

ಪಾರ್ಕಿನ ಮಾಲಿ ನಮ್ಮನ್ನು ನೋಡಿದರೆ ಕೈ ಎತ್ತುತ್ತಾನೆ. ನಾನು ಬಲಕ್ಕೆ ಸಿಗ್ನಲ್ ಕೊಡುತ್ತೇನೆ.

ಪಾಠದ ಯೋಜನೆ ಹಾಕಿಕೊಳ್ಳಲು ಆಗಲೇ ಇಲ್ಲ. ಇನ್ನು ಆರೇ ದಿನ.

ಫೆಬ್ರವರಿ ೧೮, ಬುಧವಾರ

ಗೆದ್ದೆ! ನಲವತ್ತೈದು ದಿನ! ಇವಳು ಕೈ ಕುಲುಕಿದಳು, ಮಗಳು ಮಾತಿಗೆ ತಪ್ಪಲಿಲ್ಲ, ನಾಳೆ ಬೆಳಗ್ಗೆ ಏಳಕ್ಕೆ ಎಂದಳು. ಲರ್ನರ್ ಲೈಸೆನ್ಸು ಮೊನ್ನೆಯೇ ಮಾಡಿಸಿಟ್ಟಿದ್ದೇನೆ. ಸ್ಕೂಲಿನ ಗಾಡಿಯ ಗಾಜು ಒರೆಸಿ, ಸೀಟು ಝಾಡಿಸಿ, ಟೈರಿಗೆ ಗಾಳಿ ಹೊಡೆಸಿ ಮನೆಗೆ ತಂದು ನಿಲ್ಲಿಸಿದ್ದೇನೆ. ಮದುವೆಯ ಹಿಂದಿನ ದಿನವೂ ನಾನು ಇಷ್ಟು ತಯಾರಾಗಿರಲಿಲ್ಲ.

ಫೆಬ್ರವರಿ ೧೯, ಗುರುವಾರ

ಎಲ್ಲಿಂದ ಶುರು ಮಾಡಲಿ.

ಏಳಕ್ಕೆ ಕೂತೆವು. ಅವಳ ಕೈಯಲ್ಲಿ ಸ್ಟೇರಿಂಗು, ಪಕ್ಕದಲ್ಲಿ ನಾನು. ಮೈದಾನದಲ್ಲಿ ಎರಡೇ ಸುತ್ತಿಗೆ ಕ್ಲಚ್ಚು ಹಿಡಿತಕ್ಕೆ ಬಂತು. ಮೂರನೇ ಸುತ್ತಿಗೆ ಪಾರ್ಕಿನ ರಸ್ತೆಗೆ ಇಳಿಸಿದೆ. ನನ್ನ ಮಗಳು, ಹೇಳಬೇಕೇ! ಹೆಮ್ಮೆಯಿಂದ ಬೀಗುತ್ತಾ ಕೂತಿದ್ದೆ. ಆಗ ಅವಳು ಮೆಲ್ಲಗೆ ಬಾಯಿ ತೆರೆದಳು.

"ಅಪ್ಪ, ನಿಂಗೊಂದು ವಿಷಯ ಹೇಳ್ಬೇಕಿತ್ತು. ಬೈಬಾರ್ದು..."

"ಮಾತು ಬೇಡ! ರಸ್ತೆ ನೋಡು!"

ಯೋಚಿಸಿ ಹೇಳಿದ್ದಲ್ಲ. ಇಪ್ಪತ್ತೆರಡು ವರ್ಷದಿಂದ ಆ ಸೀಟಿನಲ್ಲಿ ಕೂತು ಪ್ರತಿಯೊಬ್ಬರಿಗೂ ಹೇಳಿದ ಮಾತು, ಗುಂಡಿ ಒತ್ತಿದ ಹಾರನ್ನಿನ ಹಾಗೆ ತಾನಾಗಿ ಬಂತು. ಅವಳ ಬಾಯಿ ಮುಚ್ಚಿತು. ಆಮೇಲೆ ಹತ್ತು ನಿಮಿಷ ಗಾಡಿಯಲ್ಲಿ ನನ್ನ ದನಿ ಒಂದೇ. ಗೇರು ಬದಲಾಯಿಸು. ಕನ್ನಡಿ ನೋಡು. ಎಡಕ್ಕೆ ಬಾ. ಅವಳು ಹೇಳಿದ್ದನ್ನೆಲ್ಲ ತಪ್ಪಿಲ್ಲದೆ ಮಾಡಿದಳು. ಓರೆಗಣ್ಣಲ್ಲಿ ನೋಡಿದೆ. ಊಟದ ಮೇಜಿನ ಮುಂದೆ ಎರಡು ವರ್ಷ ನೋಡಿದ ಅದೇ ಮುಖ. ಕಿವಿಗೆ ವೈರು ಇಲ್ಲ, ಅಷ್ಟೇ ವ್ಯತ್ಯಾಸ. ಬೆಲ್ಟು ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದಾಳೆ, ನಾನು ಕೇಳಿದ್ದೇ ಅದು, ಆದರೂ ಅವಳು ಅಲ್ಲಿಲ್ಲ. ಹೋಗು ಎಂದವನು ನಾನೇ.

"ಸೈಡಿಗೆ ಹಾಕು," ಎಂದೆ.

"ಏನು ತಪ್ಪು ಮಾಡ್ದೆ?"

"ನೀನೇನೂ ಮಾಡಿಲ್ಲ. ಇಂಜಿನ್ ಆಫ್ ಮಾಡು. ಇಳಿ."

ಇಬ್ಬರೂ ಇಳಿದೆವು. ಎಲ್ ಬೋರ್ಡು ತಗುಲಿಸಿಕೊಂಡ ಓನರ್ ಗಾಡಿಯನ್ನು ಪಾರ್ಕಿನ ಬೇಲಿ ಪಕ್ಕ ಬಿಟ್ಟು ನಡೆಯತೊಡಗಿದೆವು. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಎಂಟು ಗಂಟೆಯ ಪಾಠಕ್ಕೆ ಬ್ಯಾಂಕ್ ಮ್ಯಾನೇಜರ್ ಬಂದು ಕಾಯುತ್ತಿರಬೇಕು. ಬಡಿದುಕೊಳ್ಳಲಿ ಎಂದು ಬಿಟ್ಟೆ.

"ಈಗ ಹೇಳು," ಎಂದೆ ಕೊನೆಗೆ. "ಬೈಯಲ್ಲ."

"ಕಾಲೇಜಿಗೆ ರಜೆ ಬಿಟ್ಟು ಹದಿನೈದು ದಿನ ಆಯ್ತು. ಪರೀಕ್ಷೆಗೆ ಓದ್ಕೊಳ್ಳೋಕೆ."

ನನಗೆ ತಲೆಬುಡ ತಿಳಿಯಲಿಲ್ಲ. "ಮತ್ತೆ ದಿನಾ ನನ್ನ ಜತೆ ಏಳಕ್ಕೆ ಹೊರಟು ಎಲ್ಲಿಗೆ ಹೋಗ್ತಿದ್ದೆ?"

"ನಿನ್ನ ಸ್ಕೂಲ್ ತನಕ. ನೀನು ಒಳಗೆ ಹೋದ ಮೇಲೆ ವಾಪಸ್ ಮನೆಗೆ."

"ಐದು ಕಿಲೋಮೀಟರಾ! ಯಾತಕ್ಕೆ?"

"ನಿನ್ನ ಜತೆ ಮಾತಾಡೋಕೆ. ಇನ್ಯಾತಕ್ಕೆ?"

ಹೇಳಿ ಬೇರೆ ಕಡೆ ನೋಡಿದಳು. ಆಮೇಲೆ ಸ್ವಲ್ಪ ಸಿಟ್ಟಿನಿಂದಲೇ ಹೇಳಿದಳು, "ಚಿಕ್ಕವಳಿದ್ದಾಗ ಕಾರಲ್ಲಿ ಕೂತು ಬಾಯಿ ಬಿಟ್ರೆ ಸಾಕು, ಗಾಡಿ ಓಡಿಸ್ತಿದೀನಿ ಸುಮ್ನಿರು ಅಂತಿದ್ದೆ. ಹೊಗೆ ಬೇಡ ಅಂದಿದ್ದು ಸುಳ್ಳಲ್ಲ. ಆದ್ರೆ ಇದೂ ಇತ್ತು."

ಓದು ಬಿಟ್ಟು ಬೀದಿ ಸುತ್ತಿದ್ದಕ್ಕೆ ಯಾವ ಅಪ್ಪನಾದರೂ ಬೈಯಬೇಕಿತ್ತು. ನಾನು ಬೇಲಿ ಹಿಡಿದುಕೊಂಡು ನಿಂತೆ. ಕಣ್ಣಿಗೆ ಏನೋ ಬಿತ್ತು ಎಂದು ಅವಳಿಗೆ ಹೇಳಿದೆ, ಇಲ್ಲಿ ಸುಳ್ಳು ಬರೆದು ಏನಾಗಬೇಕು, ಅತ್ತೆ. ಮಾಲಿ ಓಡಿ ಬಂದು ಏನಾಯ್ತು ಮೇಷ್ಟ್ರೇ ಎಂದ. ಮಗಳು, "ಏನಿಲ್ಲ ಬಿಡಿ, ಗಾಡಿ ಸ್ವಲ್ಪ ಬಿಸಿಯಾಗಿ ನಿಂತಿದೆ," ಎಂದಳು. ನನ್ನನ್ನೇ ತೋರಿಸಿ!

ಸ್ಕೂಲಿಗೆ ತಲುಪಿದಾಗ ಎಂಟೂ ಮುಕ್ಕಾಲು. ಓನರ್ ಬಾಗಿಲಲ್ಲೇ ನಿಂತಿದ್ದ. ಗಾಡಿ ಎಲ್ಲಿ ಎಂದ. ಪಾರ್ಕಿನ ಹತ್ತಿರ ಎಂದೆ. ಕೆಟ್ಟು ನಿಂತಿದೆಯಾ ಎಂದ. ಇಲ್ಲ, ಚೆನ್ನಾಗಿದೆ, ಮಗಳ ಜತೆ ಸ್ವಲ್ಪ ಮಾತಾಡುವುದಿತ್ತು ಎಂದೆ. ಓನರ್ ಬಾಯಿಂದ ಬಂದದ್ದನ್ನು ಬರೆಯಲು ಈ ಡೈರಿಯಲ್ಲಿ ಜಾಗ ಸಾಲದು. ಕೆಲಸದಿಂದ ತೆಗೆದಿಲ್ಲ, ಬೆಳಗಿನ ಎಂಟು ಗಂಟೆಯ ಪಾಠ ಮಾತ್ರ ನನ್ನಿಂದ ಕಿತ್ತುಕೊಂಡಿದ್ದಾನೆ. ಇನ್ನು ಮೇಲೆ ಒಂಬತ್ತಕ್ಕೆ ಬಂದರೆ ಸಾಕಂತೆ. ಶಿಕ್ಷೆ ಎಂದು ಕೊಟ್ಟಿದ್ದಾನೆ ಪಾಪ, ನಾನೂ ಮುಖ ಸಪ್ಪೆ ಮಾಡಿಕೊಂಡು ಒಪ್ಪಿಕೊಂಡೆ.

ಸಂಜೆ ಇವಳಿಗೆ ಎಲ್ಲ ಹೇಳಿದೆ. ಇವಳಿಗೆ ರಜೆಯ ವಿಷಯ ಮೊದಲ ದಿನವೇ ಗೊತ್ತಿತ್ತಂತೆ. "ಊರಿಗೆಲ್ಲ ಕನ್ನಡಿ ನೋಡಿ, ಪಕ್ಕ ನೋಡಿ ಅಂತ ಪಾಠ ಹೇಳೋರು ನೀವು," ಎಂದಳು, ಮುಂದಿನದು ಹೇಳದೆ ನಗುತ್ತಾ ಒಳಗೆ ಹೋದಳು.

ಇನ್ನು ಕಾರು ಕಲಿಸುವ ಮಾತು. ಮಗಳನ್ನು ಕೇಳಿದೆ, ಮುಂದುವರಿಸೋಣವೇ ಎಂದು. ಬೇಕಾದಾಗ ನೋಡೋಣ ಎಂದಳು. ಸರಿ ಎಂದೆ. ಪರೀಕ್ಷೆಗೆ ಇನ್ನೂ ಹನ್ನೊಂದು ದಿನ ಇದೆಯಂತೆ. ಮಧ್ಯಾಹ್ನವೆಲ್ಲ ಕೂತು ಓದುತ್ತೇನೆ ಎಂದು ಮಾತು ಕೊಟ್ಟಿದ್ದಾಳೆ. ಪಾಠ ಒಂಬತ್ತಕ್ಕಾದರೂ ನಾಳೆಯೂ ಏಳಕ್ಕೇ ಹೊರಡುತ್ತೇವೆ.